ಟೌ ಸೆಟಿ ನಕ್ಷತ್ರವನ್ನು ಹುಡುಕಿ, ಅದರ ಧೂಳಿನ ತಟ್ಟೆಯನ್ನು ಅಳೆಯುವುದು ಹೇಗೆ? ಸಮಗ್ರ ಮಾರ್ಗದರ್ಶಿ

ಸೂರ್ಯನನ್ನು ಹೋಲುವ ಒಂಟಿ ನಕ್ಷತ್ರಗಳ ಪೈಕಿ ನಮಗೆ ತೀರ ಹತ್ತಿರ ಇರುವುದು ಟೌ ಸೆಟಿ. ದೂರ 11.9 ಜ್ಯೋತಿರ್ವರ್ಷ. ತಿಮಿಂಗಿಲ ನಕ್ಷತ್ರಪುಂಜದಲ್ಲಿ ಇರುವ ಇದನ್ನು ಕರ್ನಾಟಕದ ಯಾವ ಊರಿನಿಂದಲಾದರೂ ಬರಿಗಣ್ಣಿನಲ್ಲಿ ನೋಡಬಹುದು. ಅದರ ಸುತ್ತ ಧೂಳು, ಕಲ್ಲು ಮತ್ತು ಹಿಮದ ಉಂಡೆಗಳ ದೊಡ್ಡದೊಂದು ತಟ್ಟೆ ಇದೆ. ನಕ್ಷತ್ರ ಹುಟ್ಟಿದಾಗ ಗ್ರಹಗಳಾಗದೆ ಉಳಿದುಹೋದ ಸರಕು ಅದು.

ತಟ್ಟೆ ಕಣ್ಣಿಗೆ ಕಾಣುವುದಿಲ್ಲ. ಆದರೆ ಅದು ಎಷ್ಟು ತಣ್ಣಗಿದೆ, ಆಕಾಶದಲ್ಲಿ ಎಷ್ಟು ಅಗಲ, ಅಲ್ಲಿನ ಕಲ್ಲುಗಳು ಒಂದು ಸುತ್ತು ಮುಗಿಸಲು ಎಷ್ಟು ವರ್ಷ ಬೇಕು, ಇದನ್ನೆಲ್ಲ ಫೋನಿನ ಕ್ಯಾಲ್ಕುಲೇಟರ್ ಹಿಡಿದು ನೀವೇ ಲೆಕ್ಕ ಹಾಕಬಹುದು. ಹತ್ತನೇ ತರಗತಿಯ ಗಣಿತ ಸಾಕು. ಮೊದಲು ನಕ್ಷತ್ರ ಹುಡುಕೋಣ, ಆಮೇಲೆ ಲೆಕ್ಕಕ್ಕೆ ಕೂರೋಣ. ದಯವಿಟ್ಟು ಈ ಕ್ರಮವನ್ನು ತಿರುಗುಮುರುಗು ಮಾಡಬೇಡಿ. ಆ ಚುಕ್ಕಿಯನ್ನು ಒಮ್ಮೆ ಕಣ್ಣಾರೆ ನೋಡಿದ ಮೇಲೆ ಅಂಕಿಗಳಿಗೆ ಬರುವ ತೂಕವೇ ಬೇರೆ.

ಹಂತ 1: ದಿನ ಮತ್ತು ಹೊತ್ತು ಆರಿಸಿಕೊಳ್ಳಿ

ಬೆಂಗಳೂರಿನ ಲೆಕ್ಕದಲ್ಲಿ ಟೌ ಸೆಟಿ ಅಕ್ಟೋಬರ್ ಮೂರನೇ ವಾರ ನಡುರಾತ್ರಿಗೆ, ನವೆಂಬರ್ ಮೂರನೇ ವಾರ ರಾತ್ರಿ ಹತ್ತಕ್ಕೆ, ಡಿಸೆಂಬರ್ ಮೂರನೇ ವಾರ ರಾತ್ರಿ ಎಂಟಕ್ಕೆ ದಕ್ಷಿಣದಲ್ಲಿ ಅತಿ ಎತ್ತರಕ್ಕೆ ಬರುತ್ತದೆ. ಮಳೆ ಮುಗಿದು ಆಕಾಶ ತಿಳಿಯಾಗಿರುತ್ತದೆ, ನಿದ್ದೆಯೂ ಕೆಡುವುದಿಲ್ಲ. ಹಾಗಾಗಿ ನನ್ನ ಆಯ್ಕೆ ಡಿಸೆಂಬರ್. ಜನವರಿಯಲ್ಲೂ ಕತ್ತಲಾದ ಕೂಡಲೇ ನೋಡಬಹುದು, ಆದರೆ ಅದು ಪಶ್ಚಿಮಕ್ಕೆ ವಾಲತೊಡಗಿರುತ್ತದೆ.

ಚಂದ್ರನಿಲ್ಲದ ರಾತ್ರಿ ಬೇಕು. ದೀಪಾವಳಿ ಅಮಾವಾಸ್ಯೆಗೆ ಕತ್ತಲೇನೋ ಇರುತ್ತದೆ, ಪಟಾಕಿ ಹೊಗೆ ಬಿಡುವುದಿಲ್ಲ. ಎಳ್ಳ ಅಮಾವಾಸ್ಯೆ ಇದಕ್ಕೆ ಹೇಳಿ ಮಾಡಿಸಿದ ದಿನ. ಉತ್ತರ ಕರ್ನಾಟಕದ ಕಡೆ ಅವತ್ತು ಹೇಗೂ ಮನೆಮಂದಿಯೆಲ್ಲ ಹೊಲಕ್ಕೆ ಹೋಗಿರುತ್ತೀರಿ. ಚರಗ ಚೆಲ್ಲಿ, ಊಟ ಮುಗಿಸಿ, ಕತ್ತಲಾಗುವವರೆಗೆ ಅಲ್ಲೇ ಉಳಿದರೆ ಆಯಿತು.

ನಕ್ಷತ್ರ ಎಷ್ಟು ಎತ್ತರದಲ್ಲಿ ಸಿಗುತ್ತದೆ ಎಂದು ತಿಳಿಯಲು 90ರಿಂದ ನಿಮ್ಮೂರಿನ ಅಕ್ಷಾಂಶ ಕಳೆಯಿರಿ, ಅದರಿಂದ ಇನ್ನೂ 16 ಕಳೆಯಿರಿ. ಬೆಂಗಳೂರು, ಮಂಗಳೂರಿಗೆ 61 ಡಿಗ್ರಿ. ಬೀದರಿಗೆ 56. ಲಂಡನ್ನಿನಲ್ಲಿರುವ ಕನ್ನಡಿಗರಿಗೆ ಬರೀ 22, ಹಾಗಾಗಿ ದಕ್ಷಿಣಕ್ಕೆ ಮರ ಕಟ್ಟಡ ಇಲ್ಲದ ಜಾಗ ಹುಡುಕಬೇಕು. ಸಿಡ್ನಿಯಲ್ಲಿರುವವರಿಗೆ ಅದು ಉತ್ತರ ದಿಕ್ಕಿನಲ್ಲಿ 72 ಡಿಗ್ರಿ ಎತ್ತರದಲ್ಲಿ ಕಾಣುತ್ತದೆ.

ಆಕಾಶದಲ್ಲಿ ಡಿಗ್ರಿ ಅಳೆಯಲು ಕೈ ಸಾಕು. ತೋಳು ನೇರವಾಗಿ ಚಾಚಿ ಮುಷ್ಟಿ ಕಟ್ಟಿದರೆ ಮುಷ್ಟಿಯ ಅಗಲ ಸುಮಾರು 10 ಡಿಗ್ರಿ. ನಡುವಿನ ಮೂರು ಬೆರಳು ಜೋಡಿಸಿದರೆ 5 ಡಿಗ್ರಿ. ಮಕ್ಕಳ ಕೈ ಚಿಕ್ಕದು, ತೋಳೂ ಗಿಡ್ಡ. ಅದಕ್ಕೇ ಈ ಅಳತೆ ಅವರಿಗೂ ಸರಿಹೋಗುತ್ತದೆ.

ಹಂತ 2: ಉತ್ತರಾಭಾದ್ರದಿಂದ ಕೆಳಗೆ ಇಳಿಯಿರಿ

ಡಿಸೆಂಬರ್ ಮೂರನೇ ವಾರ, ರಾತ್ರಿ ಎಂಟು ಗಂಟೆ ಎಂದಿಟ್ಟುಕೊಳ್ಳೋಣ. ನೆತ್ತಿಯಿಂದ ಸ್ವಲ್ಪ ಪಶ್ಚಿಮಕ್ಕೆ ನಾಲ್ಕು ನಕ್ಷತ್ರಗಳ ದೊಡ್ಡ ಚೌಕ ಕಾಣುತ್ತದೆ. ಇದು ಪೆಗಸಸ್ ಚೌಕ. ಪಂಚಾಂಗ ನೋಡುವವರಿಗೆ ಇದು ಹೊಸದೇನಲ್ಲ. ಚೌಕದ ಪಶ್ಚಿಮದ ಜೋಡಿ ಪೂರ್ವಾಭಾದ್ರ, ಪೂರ್ವದ ಜೋಡಿ ಉತ್ತರಾಭಾದ್ರ.

ಉತ್ತರಾಭಾದ್ರದ ಎರಡು ನಕ್ಷತ್ರಗಳನ್ನು ಸೇರಿಸುವ ಗೆರೆಯನ್ನು ದಕ್ಷಿಣಕ್ಕೆ ಎಳೆಯಿರಿ. ಆ ಜೋಡಿಯ ನಡುವಿನ ದೂರದ ಸುಮಾರು ಎರಡೂವರೆ ಪಟ್ಟು ಹೋದರೆ, ಸ್ವಲ್ಪ ಎಡಕ್ಕೆ, ಒಂಟಿಯಾಗಿ ಹೊಳೆಯುವ ನಕ್ಷತ್ರ ಸಿಗುತ್ತದೆ. ಅದು ಡಿಫ್ಡಾ, ತಿಮಿಂಗಿಲದ ಅತಿ ಪ್ರಕಾಶದ ನಕ್ಷತ್ರ. ಇಲ್ಲಿ ಎರಡು ಕಡೆ ಮೋಸ ಹೋಗಬಹುದು. ನೈಋತ್ಯದಲ್ಲಿ ಇನ್ನೂ ಕೆಳಗೆ ಡಿಫ್ಡಾಗಿಂತ ಜೋರಾಗಿ ಹೊಳೆಯುವುದು ಫೋಮಲ್‌ಹಾಟ್. ಇನ್ನೊಂದು ಶನಿ. 2026ರಲ್ಲಿ ಶನಿ ಮೀನ ರಾಶಿಯ ಕಡೆ ಇರುವುದರಿಂದ ಚೌಕದ ಕೆಳಗೆ, ಡಿಫ್ಡಾಗಿಂತ ಮೇಲೆ, ಮಿನುಗದೆ ನಿಂತಿರುವ ಚುಕ್ಕಿ ಕಂಡರೆ ಅದು ಗ್ರಹ, ನಕ್ಷತ್ರ ಅಲ್ಲ.

ಹಂತ 3: ಡಿಫ್ಡಾದಿಂದ ಟೌ ಸೆಟಿಗೆ

ದಕ್ಷಿಣಕ್ಕೆ ಮುಖ ಮಾಡಿದರೆ ಎಡಗಡೆ ಪೂರ್ವ. ಡಿಫ್ಡಾದಿಂದ ಎಡಕ್ಕೆ ಒಂದೂವರೆ ಮುಷ್ಟಿ, ತುಸು ಮೇಲಕ್ಕೆ. ಅಷ್ಟೇ, ಟೌ ಸೆಟಿ ಅಲ್ಲೇ ಇದೆ.

ಆದರೆ ಆ ಭಾಗದಲ್ಲಿ ಒಂದೇ ಥರ ಹೊಳೆಯುವ ನಕ್ಷತ್ರಗಳು ನಾಲ್ಕಿವೆ. ಅದಕ್ಕೇ ಇನ್ನೊಂದು ದಾರಿಯಿಂದಲೂ ಬಂದು ಖಾತ್ರಿ ಮಾಡಿಕೊಳ್ಳಿ. ಡಿಫ್ಡಾದಿಂದ ಎಡಕ್ಕೆ ಓರೆಯಾಗಿ ಮೇಲೆ ಒಂದು ಮುಷ್ಟಿ ಹೋದರೆ ಈಟಾ ಸೆಟಿ. ಅಲ್ಲಿಂದ ಅರ್ಧ ಮುಷ್ಟಿಗಿಂತ ಸ್ವಲ್ಪ ಕಡಿಮೆ ದೂರಕ್ಕೆ ಥೀಟಾ. ಎಡಕ್ಕೆ ಇನ್ನೂ ಮುಂದೆ ಝೀಟಾ. ಝೀಟಾದಿಂದ ಆರು ಡಿಗ್ರಿ ಕೆಳಗೆ ಇಳಿದರೆ ಟೌ. ಈ ನಾಲ್ಕೂ ಸೇರಿ ಒಂದು ಓರೆ ಚೌಕ ಆಗುತ್ತವೆ, ಅದರ ತಳದ ಮೂಲೆಯೇ ನಮ್ಮ ನಕ್ಷತ್ರ. ಟೌಗಿಂತ ಸುಮಾರು ಆರು ಡಿಗ್ರಿ ಕೆಳಗೆ ಎಡಕ್ಕೆ ಉಪ್ಸಿಲಾನ್ ಸೆಟಿ ಇದೆ. ಅದು ಇನ್ನೂ ಮಂಕು. ಬೈನಾಕ್ಯುಲರಿನಲ್ಲಿ ನೋಡಿದರೆ ಕೆಂಪು ಛಾಯೆ ಕಾಣುತ್ತದೆ, ಟೌ ತಿಳಿ ಹಳದಿ. ಎರಡನ್ನೂ ಒಂದಾದ ಮೇಲೊಂದು ನೋಡಿದರೆ ವ್ಯತ್ಯಾಸ ಚೆನ್ನಾಗಿ ಗೊತ್ತಾಗುತ್ತದೆ.

ಟೌ ಸೆಟಿಯ ಕಾಂತಿಮಾನ, ಅಂದರೆ ಹೊಳಪಿನ ಅಂಕಿ, 3.5. ಈ ಅಂಕಿ ಚಿಕ್ಕದಾದಷ್ಟೂ ಹೊಳಪು ಜಾಸ್ತಿ. ಹಳ್ಳಿಯಲ್ಲಿ, ಸಣ್ಣ ಊರಿನ ತಾರಸಿಯಲ್ಲಿ ಆರಾಮಾಗಿ ಕಾಣುತ್ತದೆ. ಬೆಂಗಳೂರಿನ ನಡುವೆ ಇರುವವರು 7×50 ಅಥವಾ 10×50 ಬೈನಾಕ್ಯುಲರ್ ಹಿಡಿಯಬೇಕು. ಕಣ್ಣು ಕತ್ತಲಿಗೆ ಹೊಂದಿಕೊಳ್ಳಲು ಇಪ್ಪತ್ತು ನಿಮಿಷ ಕೊಡಿ. ಅಷ್ಟು ಹೊತ್ತು ಫೋನ್ ಜೇಬಿನಲ್ಲೇ ಇರಲಿ. ನಕ್ಷೆ ನೋಡಲೇಬೇಕಾದರೆ ಸ್ಟೆಲೇರಿಯಂ ಆ್ಯಪ್‌ನಲ್ಲಿ ರಾತ್ರಿಯ ಕೆಂಪು ಬೆಳಕಿನ ಆಯ್ಕೆ ಇದೆ, ಅದನ್ನು ಹಾಕಿಕೊಳ್ಳಿ.

ಸಿಕ್ಕಿತಾ? ಈಗ ಅದನ್ನು ಸುಮ್ನೆ ಸ್ವಲ್ಪ ಹೊತ್ತು ನೋಡಿ. ನೀವು ನೋಡುತ್ತಿರುವ ಬೆಳಕು ಅಲ್ಲಿಂದ ಹೊರಟು ಹತ್ತಿರ ಹತ್ತಿರ ಹನ್ನೆರಡು ವರ್ಷ ಆಗಿದೆ. 1960ರಲ್ಲಿ ಅಮೆರಿಕದ ಗ್ರೀನ್ ಬ್ಯಾಂಕ್‌ನಲ್ಲಿ ಫ್ರಾಂಕ್ ಡ್ರೇಕ್ 26 ಮೀಟರಿನ ರೇಡಿಯೋ ದೂರದರ್ಶಕವನ್ನು ತಿರುಗಿಸಿದ್ದು ಇದರ ಕಡೆಗೇ. ಬೇರೆ ಲೋಕದವರ ಸಂಕೇತ ಏನಾದರೂ ಕೇಳೀತೇ ಎಂದು ಅವರು ಕಿವಿಗೊಟ್ಟ ಎರಡು ನಕ್ಷತ್ರಗಳಲ್ಲಿ ಇದೊಂದು. ಅಲ್ಲಿಂದ ಯಾರಾದರೂ ನಮ್ಮ ಕಡೆ ನೋಡಿದರೆ ಸೂರ್ಯ ಸ್ವಾತಿ ನಕ್ಷತ್ರದ ಹತ್ತಿರ, ಕಾಂತಿಮಾನ 2.6ರ ಸಾಧಾರಣ ಚುಕ್ಕಿಯಾಗಿ ಕಂಡೀತು.

ಹಂತ 4: ಲೆಕ್ಕಕ್ಕೆ ಬೇಕಾದ ಅಂಕಿಗಳನ್ನು ಬರೆದುಕೊಳ್ಳಿ

ನೋಟ್‌ಬುಕ್ಕಿನ ಒಂದು ಪುಟದಲ್ಲಿ ಇಷ್ಟು ಬರೆಯಿರಿ. ಟೌ ಸೆಟಿಯ ದ್ರವ್ಯರಾಶಿ ಸೂರ್ಯನ 0.78 ಪಾಲು. ಅದು ಹೊರಸೂಸುವ ಬೆಳಕು ಸೂರ್ಯನದರ ಸುಮಾರು ಅರ್ಧ, ಅಂದರೆ 0.5. ಮೇಲ್ಮೈ ತಾಪ ಸುಮಾರು 5,340 ಕೆಲ್ವಿನ್. ದೂರ 3.65 ಪಾರ್ಸೆಕ್, 11.9 ಜ್ಯೋತಿರ್ವರ್ಷವನ್ನು 3.26ರಿಂದ ಭಾಗಿಸಿದರೆ ಇದು ಬರುತ್ತದೆ. ತಟ್ಟೆಯ ಹೊರ ಅಂಚು ನಕ್ಷತ್ರದಿಂದ ಸುಮಾರು 52 ಖಗೋಳಮಾನ ದೂರದಲ್ಲಿದೆ. ಒಂದು ಖಗೋಳಮಾನ ಅಂದರೆ ಸೂರ್ಯನಿಂದ ಭೂಮಿಗಿರುವ ದೂರ, 15 ಕೋಟಿ ಕಿಲೋಮೀಟರ್. ಒಳ ಅಂಚು ಎಲ್ಲಿದೆ ಎನ್ನುವುದು ಅಷ್ಟು ಗಟ್ಟಿಯಲ್ಲ. ಚಿಲಿಯ ಆಲ್ಮಾ ದೂರದರ್ಶಕದ ಅಳತೆ 6 ಖಗೋಳಮಾನದ ಆಸುಪಾಸು ಎನ್ನುತ್ತದೆ, ಆದರೆ ಅದರ ಏರುಪೇರಿನ ಅವಕಾಶ ದೊಡ್ಡದು.

ಹಂತ 5: ಧೂಳು ಎಷ್ಟು ತಣ್ಣಗಿದೆ?

ಕ್ಯಾಲ್ಕುಲೇಟರಿನಲ್ಲಿ 0.5 ಒತ್ತಿ ವರ್ಗಮೂಲದ ಗುಂಡಿಯನ್ನು ಎರಡು ಸಲ ಒತ್ತಿ. 0.84 ಬರುತ್ತದೆ. ಅದನ್ನು 278ರಿಂದ ಗುಣಿಸಿ. ಸುಮಾರು 234. ಈಗ ಧೂಳು ಇರುವ ದೂರದ ವರ್ಗಮೂಲದಿಂದ ಭಾಗಿಸಿ. ದೂರ 50 ಖಗೋಳಮಾನ ಆದರೆ ವರ್ಗಮೂಲ 7.07, ಉತ್ತರ 33 ಕೆಲ್ವಿನ್. ಅಂದರೆ ಸೊನ್ನೆಗಿಂತ 240 ಡಿಗ್ರಿ ಸೆಲ್ಸಿಯಸ್ ಕೆಳಗೆ.

ಈ 278 ಎಲ್ಲಿಂದ ಬಂತು? ಸೂರ್ಯನಿಂದ ಒಂದು ಖಗೋಳಮಾನ ದೂರದಲ್ಲಿ ಒಂದು ಕಪ್ಪು ಕಣ ಇಟ್ಟರೆ, ಅದು ಹೀರುವ ಶಾಖ ಮತ್ತು ಹೊರಬಿಡುವ ಶಾಖ ಸಮ ಆಗುವುದು 278 ಕೆಲ್ವಿನ್‌ನಲ್ಲಿ. ಬಾಕಿಯದೆಲ್ಲ ಅದರಿಂದ ಹೊರಟ ಅನುಪಾತ. ತೀರ ಸಣ್ಣ ಕಣಗಳು ಶಾಖವನ್ನು ಸರಿಯಾಗಿ ಹೊರಬಿಡಲಾರವು. ಅವು ಈ ಲೆಕ್ಕಕ್ಕಿಂತ ಸ್ವಲ್ಪ ಬೆಚ್ಚಗಿರುತ್ತವೆ.

6 ಖಗೋಳಮಾನಕ್ಕೂ ಇದೇ ಲೆಕ್ಕ ಮಾಡಿ ನೋಡಿ. 95 ಕೆಲ್ವಿನ್ ಬರಬೇಕು.

ಹಂತ 6: ಅದು ಯಾವ ಬೆಳಕಿನಲ್ಲಿ ಹೊಳೆಯುತ್ತದೆ?

2,898 ಅನ್ನು ತಾಪದಿಂದ ಭಾಗಿಸಿದರೆ ವಸ್ತು ಅತಿ ಹೆಚ್ಚು ಹೊಳೆಯುವ ತರಂಗದ ಉದ್ದ ಮೈಕ್ರಾನಿನಲ್ಲಿ, ಅಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲಿನಲ್ಲಿ, ಸಿಗುತ್ತದೆ. ನಕ್ಷತ್ರಕ್ಕೆ 2,898 ಭಾಗ 5,340, ಅಂದರೆ 0.54 ಮೈಕ್ರಾನ್. ಕಣ್ಣಿಗೆ ಕಾಣುವ ಬೆಳಕು. 33 ಕೆಲ್ವಿನ್ ಧೂಳಿಗೆ 88 ಮೈಕ್ರಾನ್. ಇದು ದೂರದ ಅವಕೆಂಪು. ಕಣ್ಣಿಗೂ ಕಾಣದು, ನಮ್ಮ ಗಾಳಿಯಲ್ಲಿರುವ ನೀರಾವಿಯೂ ಇದನ್ನು ತಡೆದುಬಿಡುತ್ತದೆ.

ಇಡೀ ವಿಷಯದ ಕೀಲಿ ಇಲ್ಲೇ ಇದೆ. ನಕ್ಷತ್ರ ಮತ್ತು ಧೂಳು ಬೇರೆ ಬೇರೆ ತರಂಗಗಳಲ್ಲಿ ಹೊಳೆಯುತ್ತವೆ. ನಕ್ಷತ್ರವೊಂದರಿಂದ ಇಷ್ಟು ಅವಕೆಂಪು ಬರಬೇಕು ಎಂದು ಲೆಕ್ಕ ಹಾಕಿ, ಅದಕ್ಕಿಂತ ಜಾಸ್ತಿ ಬಂದರೆ ಪಕ್ಕದಲ್ಲಿ ತಣ್ಣನೆಯ ಏನೋ ಇದೆ ಎಂದರ್ಥ. 1983ರಲ್ಲಿ ಐರಾಸ್ ಉಪಗ್ರಹ ಅಭಿಜಿತ್ ನಕ್ಷತ್ರದಲ್ಲಿ ಮೊದಲು ಹಿಡಿದಿದ್ದು ಇಂಥ ಹೆಚ್ಚುವರಿ ಶಾಖವನ್ನೇ. ಬೇರೆ ಸೂರ್ಯರ ಸುತ್ತ ಧೂಳಿನ ತಟ್ಟೆ ಇದೆ ಎಂಬ ತಿಳಿವಳಿಕೆ ಶುರುವಾಗಿದ್ದು ಅಲ್ಲಿಂದ.

ಹಂತ 7: ಆಕಾಶದಲ್ಲಿ ಅದರ ಅಗಲ ಅಳೆಯಿರಿ

ಖಗೋಳಮಾನವನ್ನು ಪಾರ್ಸೆಕ್‌ನಿಂದ ಭಾಗಿಸಿದರೆ ನೇರವಾಗಿ ಆರ್ಕ್‌ಸೆಕೆಂಡ್ ಸಿಗುತ್ತದೆ. ಒಂದು ಆರ್ಕ್‌ಸೆಕೆಂಡ್ ಅಂದರೆ ಡಿಗ್ರಿಯ 3,600ನೇ ಒಂದು ಪಾಲು. 52 ಭಾಗ 3.65, ಅಂದರೆ 14. ಇದು ತ್ರಿಜ್ಯ. ಪೂರ್ತಿ ಅಗಲ 28 ಆರ್ಕ್‌ಸೆಕೆಂಡ್.

ಇಲ್ಲಿ ಸ್ವಲ್ಪ ನಿಲ್ಲಿ. ಗುರು ಗ್ರಹ ನಮ್ಮಿಂದ ಅತಿ ದೂರ ಇದ್ದಾಗ ಸುಮಾರು 30 ಆರ್ಕ್‌ಸೆಕೆಂಡ್ ಅಗಲ ಕಾಣುತ್ತದೆ. ಅಂದರೆ ಈ ತಟ್ಟೆ ಹತ್ತಿರ ಹತ್ತಿರ ಗುರುವಿನಷ್ಟೇ ದೊಡ್ಡದು! ಗುರುವಿನ ಪಟ್ಟೆಗಳನ್ನು ಸಣ್ಣ ದೂರದರ್ಶಕದಲ್ಲೂ ನೋಡುತ್ತೇವೆ ಅಲ್ವಾ? ಹಾಗಾದರೆ ಇದೇಕೆ ಕಾಣದು?

ಗಾತ್ರ ಸಮಸ್ಯೆಯೇ ಅಲ್ಲ, ಮಂಕೇ ಸಮಸ್ಯೆ. ತಟ್ಟೆಯ ಒಟ್ಟು ಹೊಳಪು ನಕ್ಷತ್ರದ ಹೊಳಪಿನ ಲಕ್ಷಕ್ಕೆ ಒಂದು ಪಾಲಿನ ಮಟ್ಟದ್ದು, ಅದೂ ಗಾಜು ದಾಟದ ತರಂಗದಲ್ಲಿ. ದೊಡ್ಡ ದೂರದರ್ಶಕ ಕೊಂಡರೆ ಧೂಳಿನ ತಟ್ಟೆ ಕಾಣುತ್ತದೆ ಎಂದು ಯಾರಾದರೂ ಹೇಳಿದರೆ ದುಡ್ಡು ಕೊಡಬೇಡಿ.

ಹಂತ 8: ವಿಜ್ಞಾನಿಗಳ ಚಿತ್ರವನ್ನು ಸರಿಯಾಗಿ ಓದಿ

ತಟ್ಟೆಯ ಚಿತ್ರ ಹುಡುಕಿದರೆ ಮೊದಲು ಸಿಗುವುದು ಬಣ್ಣದ ಮಬ್ಬು ಗುಡ್ಡೆಗಳು. ಕಲಾವಿದರು ಬರೆದ ಸುಂದರ ಉಂಗುರಗಳೂ ಸಿಗುತ್ತವೆ, ಅವನ್ನು ಬದಿಗಿಡಿ. ಮಬ್ಬು ಚಿತ್ರವೇ ನಿಜವಾದ ದಾಖಲೆ. ಅದನ್ನು ಓದಲು ಒಂದು ಸೂತ್ರ ಸಾಕು. ತರಂಗದ ಉದ್ದವನ್ನು ಮೈಕ್ರಾನಿನಲ್ಲಿ ತೆಗೆದುಕೊಂಡು 0.25ರಿಂದ ಗುಣಿಸಿ, ಕನ್ನಡಿಯ ಅಗಲದ ಮೀಟರಿನಿಂದ ಭಾಗಿಸಿ. ಆ ದೂರದರ್ಶಕ ಬಿಡಿಸಿ ನೋಡಬಲ್ಲ ಅತಿ ಚಿಕ್ಕ ಅಳತೆ ಆರ್ಕ್‌ಸೆಕೆಂಡಿನಲ್ಲಿ ಬರುತ್ತದೆ.

2004ರಲ್ಲಿ ಜೇನ್ ಗ್ರೀವ್ಸ್ ಮತ್ತು ಸಂಗಡಿಗರು ಟೌ ಸೆಟಿಯ ತಟ್ಟೆಯ ಚಿತ್ರ ಪ್ರಕಟಿಸಿದರು. ಅವರು ಬಳಸಿದ್ದು ಹವಾಯಿಯ ಮೌನಾ ಕೇಯ ಮೇಲಿರುವ 15 ಮೀಟರಿನ ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್ ದೂರದರ್ಶಕವನ್ನು, 850 ಮೈಕ್ರಾನಿನಲ್ಲಿ. ಆ ತರಂಗ, ಎತ್ತರದ ಒಣ ಜಾಗದಲ್ಲಿ, ಗಾಳಿಯನ್ನು ಅಷ್ಟಿಷ್ಟು ದಾಟಿ ಬರುತ್ತದೆ. ಸೂತ್ರಕ್ಕೆ ಹಾಕಿ: 14 ಆರ್ಕ್‌ಸೆಕೆಂಡ್. ತಟ್ಟೆಯ ಅಗಲವೇ 28. ಅಂದರೆ ಇಡೀ ತಟ್ಟೆ ಎರಡು ಚುಕ್ಕಿಯಷ್ಟು ಅಗಲ! ಅಷ್ಟರಲ್ಲೇ ಅವರು ಅದರ ಹರವನ್ನು ನಕ್ಷತ್ರದಿಂದ 55 ಖಗೋಳಮಾನದವರೆಗೆ ಎಂದು ಗುರುತಿಸಿದ್ದರು. ಆಮೇಲಿನ ಅಳತೆಗಳು ಅದರ ಹತ್ತಿರವೇ ಬಂದು ನಿಂತಿವೆ. ಇದು ನನಗೆ ಬಹಳ ಹಿಡಿಸಿದ ಸಂಗತಿ.

ಮುಂದೆ ಬಂದ ಹರ್ಷೆಲ್ ಬಾಹ್ಯಾಕಾಶ ದೂರದರ್ಶಕದ ಕನ್ನಡಿ 3.5 ಮೀಟರ್, ತರಂಗ 70 ಮೈಕ್ರಾನ್. ಲೆಕ್ಕ ಹಾಕಿ: 5 ಆರ್ಕ್‌ಸೆಕೆಂಡ್. ಕನ್ನಡಿ ಚಿಕ್ಕದು, ಚಿತ್ರ ಜಾಸ್ತಿ ಸ್ಪಷ್ಟ. ತಟ್ಟೆ ಸುಮಾರು 35 ಡಿಗ್ರಿ ವಾಲಿದೆ (ನಮಗೆ ಪೂರ್ತಿ ಮುಖ ಮಾಡಿದ್ದರೆ ಸೊನ್ನೆ) ಎಂದು ಗೊತ್ತಾಗಿದ್ದು ಇದರಿಂದ. ಚಿಲಿಯಲ್ಲಿ 5,000 ಮೀಟರ್ ಎತ್ತರದ ಬಯಲಿನಲ್ಲಿರುವ ಆಲ್ಮಾ ಹಲವು ಆಂಟೆನಾಗಳ ಗುಂಪು. ಅದಕ್ಕೆ ಈ ಸೂತ್ರ ಹಾಕುವಾಗ ಕನ್ನಡಿಯ ಅಗಲದ ಬದಲು ಆಂಟೆನಾಗಳ ನಡುವಿನ ದೂರ ಹಾಕಬೇಕು.

ಇನ್ನೊಂದು ಪ್ರಶ್ನೆ ಬರಬೇಕು. ಆ ಮಬ್ಬು ನಕ್ಷತ್ರದ್ದೇ, ಹಿಂದೆ ಬಹು ದೂರದಲ್ಲಿರುವ ಗ್ಯಾಲಕ್ಸಿಯದಲ್ಲ ಎಂದು ಹೇಗೆ ಹೇಳುವುದು? ಟೌ ಸೆಟಿ ಆಕಾಶದಲ್ಲಿ ವರ್ಷಕ್ಕೆ 1.9 ಆರ್ಕ್‌ಸೆಕೆಂಡ್ ಸರಿಯುತ್ತದೆ. ಹತ್ತು ವರ್ಷಕ್ಕೆ 19. ಧೂಳು ನಕ್ಷತ್ರದ ಜೊತೆಗೇ ಸಾಗುತ್ತದೆ, ಹಿಂದಿನ ಗ್ಯಾಲಕ್ಸಿ ಇದ್ದಲ್ಲೇ ಇರುತ್ತದೆ. ಎರಡು ಕಾಲದ ಚಿತ್ರ ಹೋಲಿಸಿದರೆ ಯಾವುದು ಯಾರದ್ದು ಎಂದು ಬೇರೆಯಾಗುತ್ತದೆ.

ಹಂತ 9: ಧೂಳಿನಿಂದ ಕಲ್ಲಿನ ಕಡೆಗೆ ಯೋಚಿಸಿ

ತಟ್ಟೆಯ ಹೊರ ಅಂಚಿನ ಹತ್ತಿರ, 50 ಖಗೋಳಮಾನ ದೂರದಲ್ಲಿರುವ ಕಲ್ಲು ಒಂದು ಸುತ್ತು ಬರಲು ಎಷ್ಟು ಕಾಲ? 50×50×50 ಗುಣಿಸಿ, ನಕ್ಷತ್ರದ ದ್ರವ್ಯರಾಶಿ 0.78ರಿಂದ ಭಾಗಿಸಿ, ವರ್ಗಮೂಲ ತೆಗೆಯಿರಿ. 400 ವರ್ಷ. ಸುತ್ತುವುದು ನಿಧಾನ ಅನಿಸಬಹುದು. ಆದರೆ ದಾರಿಗಳು ಒಂದನ್ನೊಂದು ಓರೆಯಾಗಿ ದಾಟಿದರೆ ಕಲ್ಲಿಗೆ ಕಲ್ಲು ಬಡಿದು ಪುಡಿಯಾಗುತ್ತವೆ.

ಆ ಪುಡಿ ಹೆಚ್ಚು ಕಾಲ ಉಳಿಯುವುದಿಲ್ಲ. ಕೆಲವು ಕಣಗಳು ಮತ್ತೆ ಮತ್ತೆ ಡಿಕ್ಕಿಯಾಗಿ ಇನ್ನೂ ಸಣ್ಣಗಾಗುತ್ತವೆ. ತೀರ ಸಣ್ಣ ಕಣಗಳನ್ನು ನಕ್ಷತ್ರದ ಬೆಳಕು, ಗಾಳಿ ಹೊರಗೆ ತಳ್ಳುತ್ತವೆ. ಇನ್ನು ಕೆಲವು ಬೆಳಕಿನಿಂದ ವೇಗ ಕಳೆದುಕೊಂಡು ಸುರುಳಿ ಸುತ್ತುತ್ತ ನಕ್ಷತ್ರದ ಕಡೆ ಇಳಿಯುತ್ತವೆ. ಟೌ ಸೆಟಿಗೆ ಬಹುಪಾಲು ಅಂದಾಜುಗಳ ಪ್ರಕಾರ ಸೂರ್ಯನಿಗಿಂತ ಜಾಸ್ತಿ ವಯಸ್ಸು. ಹುಟ್ಟಿದಾಗಿನ ಧೂಳು ಎಂದೋ ಮಾಯವಾಗಿರಬೇಕು. ಆದರೂ ಧೂಳಿದೆ. ದೂರದಿಂದ ಗುಡ್ಡದ ಮೇಲೆ ಬಿಳಿ ಧೂಳು ಎದ್ದಿದ್ದು ಕಂಡರೆ ಜಲ್ಲಿ ಕ್ರಷರ್ ಈಗಲೂ ಓಡುತ್ತಿದೆ ಎಂದು ಹೇಳುತ್ತೇವಲ್ಲ, ಇದೂ ಹಾಗೇ. ಕಾಣದ ಕಲ್ಲುಗಳು ಅಲ್ಲಿ ಈಗಲೂ ಬಡಿದಾಡುತ್ತಿವೆ.

ಎಷ್ಟು ಕಲ್ಲು? ಹತ್ತು ಕಿಲೋಮೀಟರ್ ಗಾತ್ರದವರೆಗಿನ ಉಂಡೆಗಳನ್ನೆಲ್ಲ ಸೇರಿಸಿದರೆ ಸುಮಾರು 1.2 ಭೂಮಿಯಷ್ಟು ತೂಕ ಎಂದು 2004ರ ತಂಡ ಅಂದಾಜಿಸಿತು. ನಮ್ಮ ನೆಪ್ಚೂನ್ ಆಚೆಗಿನ ಕೈಪರ್ ಪಟ್ಟಿಯಲ್ಲಿರುವುದಕ್ಕಿಂತ ಹತ್ತು ಪಟ್ಟಿಗೂ ಜಾಸ್ತಿ. ಇನ್ನೂ ಸೋಜಿಗ ಎಂದರೆ ಟೌ ಸೆಟಿಯಲ್ಲಿ ಕಬ್ಬಿಣದಂಥ ಭಾರದ ಧಾತುಗಳು ಸೂರ್ಯನದರ ಮೂರನೇ ಒಂದು ಪಾಲಿನಷ್ಟೇ. ಕಲ್ಲು ಮಾಡುವ ಸರಕು ಕಡಿಮೆ ಇದ್ದ ಕಡೆ ಕಲ್ಲು ಜಾಸ್ತಿ ಉಳಿದಿದೆ! ನನಗೆ ಅನಿಸುವುದು, ವಿಚಿತ್ರ ಇರುವುದು ಅಲ್ಲಿ ಅಲ್ಲ, ಇಲ್ಲಿ ಇರಬಹುದು. ನಮ್ಮ ದೊಡ್ಡ ಗ್ರಹಗಳು ಹಿಂದೆ ಜಾಗ ಬದಲಿಸಿದಾಗ ಕೈಪರ್ ಪಟ್ಟಿಯ ಬಹುಪಾಲನ್ನು ಚದುರಿಸಿಬಿಟ್ಟವು ಎನ್ನುವ ವಿವರಣೆ ಇದೆ. ಟೌ ಸೆಟಿಯ ಹತ್ತಿರ ಗುರುವಿನಷ್ಟು ದೊಡ್ಡ ಗ್ರಹ ಇದುವರೆಗೆ ಸಿಕ್ಕಿಲ್ಲ.

ಹಂತ 10: ಗ್ರಹಗಳ ಸುದ್ದಿಯನ್ನು ತಟ್ಟೆಯ ಜೊತೆ ಇಟ್ಟು ತೂಗಿ

‘ಎರಡನೇ ಭೂಮಿ ಪತ್ತೆ’ ಎಂಬ ತಲೆಬರಹ ಟೌ ಸೆಟಿಗೆ ಆಗಾಗ ಅಂಟುತ್ತದೆ. 2012ರಲ್ಲಿ ಐದು ಗ್ರಹಗಳ ಸುಳಿವು ಇದೆ ಎಂದರು, 2017ರಲ್ಲಿ ನಾಲ್ಕು ಎಂದರು. ಯಾವುದೂ ಇನ್ನೂ ಖಚಿತವಾಗಿಲ್ಲ. ಇಲ್ಲಿ ಹುಡುಕುತ್ತಿರುವುದು ಗ್ರಹದ ಸೆಳೆತಕ್ಕೆ ನಕ್ಷತ್ರ ಅಲುಗುವುದನ್ನು, ಅದೂ ಸೆಕೆಂಡಿಗೆ ಮೂವತ್ತು ಸೆಂಟಿಮೀಟರ್ ಮಟ್ಟದ ಅಲುಗಾಟವನ್ನು. ನಕ್ಷತ್ರದ ಮೇಲ್ಮೈ ತಾನೇ ಅದಕ್ಕಿಂತ ಜಾಸ್ತಿ ಕುದಿಯುತ್ತಿರುತ್ತದೆ.

ಇನ್ನೂ ಒಂದು ಸೂಕ್ಷ್ಮ ಇದೆ. ಈ ವಿಧಾನದಲ್ಲಿ ಸಿಗುವುದು ಗ್ರಹದ ಕನಿಷ್ಠ ತೂಕ. ನಿಜವಾದ ತೂಕ ಬೇಕಾದರೆ ವಾಲಿಕೆಯ ಸೈನ್‌ನಿಂದ ಭಾಗಿಸಬೇಕು. 2017ರ ಪಟ್ಟಿಯ ಹೊರಗಿನ ಎರಡು ಗ್ರಹಗಳಿಗೆ ಕನಿಷ್ಠ ತೂಕ 3.9 ಭೂಮಿ. ಅವು ತಟ್ಟೆಯ ಹಾಗೇ 35 ಡಿಗ್ರಿ ವಾಲಿದ್ದರೆ? ಕ್ಯಾಲ್ಕುಲೇಟರನ್ನು ಡಿಗ್ರಿಗೆ ಇಟ್ಟು ಸೈನ್ 35 ತೆಗೆಯಿರಿ, 0.57. ತೂಕ 6.8 ಭೂಮಿಗೆ ಏರಿತು. 2023ರ ಒಂದು ಅಧ್ಯಯನ ನಕ್ಷತ್ರದ ಅಕ್ಷವೇ ಹೆಚ್ಚುಕಡಿಮೆ ನಮ್ಮತ್ತ ತಿರುಗಿದೆ, ಸುಮಾರು 7 ಡಿಗ್ರಿ ಎಂದಿತು. ಗ್ರಹಗಳ ದಾರಿಯೂ ಹಾಗೇ ಇದ್ದರೆ ತೂಕ 32 ಭೂಮಿ, ಅಂದರೆ ನೆಪ್ಚೂನ್‌ನ ಸುಮಾರು ಎರಡರಷ್ಟು. ಅದು ಇನ್ನು ಎರಡನೇ ಭೂಮಿ ಆಗುವುದೆಲ್ಲಿ? ಸುದ್ದಿ ಓದಿದಾಗ ಮೊದಲು ಹುಡುಕಬೇಕಾದ್ದು ‘ಕನಿಷ್ಠ’ ಎಂಬ ಪದವನ್ನು.

ಹಂತ 11: ಇದೇ ಲೆಕ್ಕವನ್ನು ಎಪ್ಸಿಲಾನ್ ಎರಿಡಾನಿಗೆ ಮಾಡಿ

ಡ್ರೇಕ್ ಕಿವಿಗೊಟ್ಟ ಇನ್ನೊಂದು ನಕ್ಷತ್ರ ಇದು. ದೂರ 10.5 ಜ್ಯೋತಿರ್ವರ್ಷ, ಕಾಂತಿಮಾನ 3.7. ಇದರ ಧೂಳಿನ ಉಂಗುರದ ಚಿತ್ರ 1998ರಲ್ಲೇ ಬಂತು. ವಯಸ್ಸು ನೂರು ಕೋಟಿ ವರ್ಷವೂ ಆಗಿಲ್ಲ, ಹಾಗಾಗಿ ಇಲ್ಲಿ ಧೂಳು ಜಾಸ್ತಿ ಇರುವುದು ಸಹಜ.

ಹುಡುಕುವುದು ಸುಲಭ. ಮಹಾವ್ಯಾಧನ ಪಾದದ ರೈಜೆಲ್ ಹಿಡಿದು ನೇರ ಪಶ್ಚಿಮಕ್ಕೆ ಎರಡೂವರೆ ಮುಷ್ಟಿ ಹೋಗಿ. ಒಂದೇ ಥರದ ಎರಡು ನಕ್ಷತ್ರ ಸುಮಾರು ಎರಡೂವರೆ ಡಿಗ್ರಿ ಅಂತರದಲ್ಲಿ ಕಾಣುತ್ತವೆ. ಪೂರ್ವದ್ದು ಡೆಲ್ಟಾ, ಪಶ್ಚಿಮದ್ದು ಎಪ್ಸಿಲಾನ್. ಜನವರಿ ಸಂಜೆಗಳಲ್ಲಿ ಟೌ ಮತ್ತು ಎಪ್ಸಿಲಾನ್ ಎರಡನ್ನೂ ಒಂದೇ ಕೂರಿಕೆಯಲ್ಲಿ ನೋಡಿ ಮುಗಿಸಬಹುದು.

ಅಂಕಿಗಳು: ಬೆಳಕು ಸೂರ್ಯನ 0.34, ದ್ರವ್ಯರಾಶಿ 0.82, ದೂರ 3.2 ಪಾರ್ಸೆಕ್, ಉಂಗುರ 69 ಖಗೋಳಮಾನದಲ್ಲಿ. ಮೊದಲು ನೀವೇ ಮಾಡಿ, ಆಮೇಲೆ ತಾಳೆ ನೋಡಿ. ಧೂಳಿನ ತಾಪ 25ರಿಂದ 26 ಕೆಲ್ವಿನ್, ಹೊಳೆಯುವ ತರಂಗ 113 ಮೈಕ್ರಾನಿನ ಆಸುಪಾಸು, ಆಕಾಶದಲ್ಲಿ ತ್ರಿಜ್ಯ ಸುಮಾರು 21.5 ಆರ್ಕ್‌ಸೆಕೆಂಡ್, ಒಂದು ಸುತ್ತಿಗೆ ಸುಮಾರು 630 ವರ್ಷ.